ರೋಗ ತಡೆಯುತ್ತಿದ್ದ ಗೋಧಿಗೆ ರೋಗ ಏಕೆ ಬಂತು?



ಗೋಧಿ ಬೆಳೆಯುವ ಊರುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. “ಈ ತಳಿಗೆ ತುಕ್ಕು ರೋಗ ಬರುವುದಿಲ್ಲವೆಂದು ಹೇಳಿ ಬೀಜ ಕೊಟ್ಟರು. ಐದಾರು ವರ್ಷ ಅವರು ಹೇಳಿದಂತೆಯೇ ಆಯಿತು. ರೋಗ ಹತ್ತಿರ ಸುಳಿಯಲಿಲ್ಲ. ಈ ಸಲ ಹೊಲವೆಲ್ಲ ತುಕ್ಕು ಹಿಡಿಯಿತು, ಕಾಳು ಜೊಳ್ಳಾಯಿತು. ಹಾಗಾದರೆ ಬೀಜ ಕೆಟ್ಟಿತೇ? ಕೊಟ್ಟವರು ಮೋಸ ಮಾಡಿದರೇ? ಅಥವಾ ನಮ್ಮ ಬೇಸಾಯದಲ್ಲಿಯೇ ತಪ್ಪಾಯಿತೇ?”

ಈ ಪ್ರಶ್ನೆ ಸಣ್ಣದಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ಹಾಕಿ, ಪೈರು ಹಾಲುಗಾಳಿಗೆ ಬಂದ ಹೊತ್ತಿಗೆ ರೋಗ ತಗಲಿದರೆ ವರ್ಷದ ಅನ್ನವೇ ಕೈತಪ್ಪುತ್ತದೆ. ಆದುದರಿಂದ ಉತ್ತರವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಒಂದೇ ಮಾತಿನಲ್ಲಿ ಹೇಳುವುದಾದರೆ, ಇಂಥ ವೇಳೆ ಸಾಮಾನ್ಯವಾಗಿ ಕೆಟ್ಟಿರುವುದು ಬೀಜವಲ್ಲ, ಬದಲಾಗಿರುವುದು ರೋಗ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ತುಕ್ಕು ರೋಗವೆಂದರೇನು?

ತುಕ್ಕು ರೋಗವನ್ನು ಕೆಲವು ಕಡೆ ಭಂಡಾರ ರೋಗವೆಂದೂ ಕರೆಯುತ್ತಾರೆ. ಇದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಗೆ ಸೇರಿದ ಒಂದು ಜೀವಿ. ಇದರಲ್ಲಿ ಮೂರು ಬಗೆ ಉಂಟು. ಕಾಂಡಕ್ಕೆ ಹೆಚ್ಚಾಗಿ ಬರುವುದು ಕರಿ ತುಕ್ಕು. ಎಲೆಯ ಮೇಲೆ ಕಿತ್ತಳೆ ಮಿಶ್ರಿತ ಕಂದು ಬಣ್ಣದ ಸಣ್ಣ ಚುಕ್ಕೆಗಳಾಗಿ ಬರುವುದು ಕಂದು ತುಕ್ಕು. ಎಲೆಯ ಉದ್ದಕ್ಕೂ ಹಳದಿ ಗೆರೆಗಳಾಗಿ ಬರುವುದು ಹಳದಿ ತುಕ್ಕು. ಹಳದಿ ತುಕ್ಕಿಗೆ ತಂಪು ಹವೆ ಬೇಕು. ಅದು ಉತ್ತರ ಭಾರತದ ಕಾಟ. ನಮ್ಮ ಬಯಲಿನಲ್ಲಿ ಎಚ್ಚರ ವಹಿಸಬೇಕಾದುದು ಕರಿ ಮತ್ತು ಕಂದು ತುಕ್ಕಿನ ಬಗ್ಗೆ.

ರೋಗ ಹಿಡಿದ ಎಲೆಯನ್ನು ಬೆರಳಿನಿಂದ ತಿಕ್ಕಿದರೆ ಇಟ್ಟಿಗೆ ಪುಡಿಯಂಥ ಧೂಳು ಬೆರಳಿಗೆ ಹತ್ತುತ್ತದೆ. ಆ ಧೂಳಿನ ಒಂದೊಂದು ಕಣವೂ ಈ ಶಿಲೀಂಧ್ರದ ಬೀಜವಿದ್ದಂತೆ. ಗಾಳಿಯಲ್ಲಿ ಹಾರಿ ಬೇರೆ ಎಲೆಯ ಮೇಲೆ ಬಿದ್ದು, ಇಬ್ಬನಿಯ ತೇವ ಸಿಕ್ಕಿದರೆ ಅದು ಮೊಳೆಯುತ್ತದೆ. ಹವೆ ಅನುಕೂಲವಾಗಿದ್ದರೆ ಒಂದೆರಡು ವಾರದೊಳಗೆ ಅಲ್ಲಿ ಹೊಸ ಗುಳ್ಳೆ ಒಡೆದು ಸಾವಿರಾರು ಕಣಗಳು ಮತ್ತೆ ಹಾರುತ್ತವೆ. ಒಂದು ಬೆಳೆಯ ಕಾಲದಲ್ಲಿ ಹೀಗೆ ಹಲವು ಸುತ್ತು ನಡೆಯುತ್ತದೆ.

ಈ ರೋಗ ಬಿತ್ತನೆಯ ಕಾಳಿನ ಮೂಲಕ ಬರುವುದಿಲ್ಲ. ಬಯಲಿನ ಬೇಸಿಗೆಯ ಬಿಸಿಲಿಗೆ ಇದರ ಕಣಗಳು ಬದುಕಲಾರವು. ಹಾಗಾದರೆ ಪ್ರತಿ ವರ್ಷ ಎಲ್ಲಿಂದ ಬರುತ್ತದೆ? ಆಗ್ರಾದಲ್ಲಿದ್ದ ವಿಜ್ಞಾನಿ ಕೆ.ಸಿ. ಮೆಹ್ತಾ ಅವರು ೧೯೨೦ರ ದಶಕದಿಂದ ಹಲವು ವರ್ಷ ದುಡಿದು ಇದನ್ನು ಪತ್ತೆ ಮಾಡಿದರು. ಬೇಸಿಗೆಯಲ್ಲಿ ತುಕ್ಕು ತಂಪಾದ ಬೆಟ್ಟಗಳ ಮೇಲೆ ಗೋಧಿಯ ಗಿಡಗಳಲ್ಲಿ ಜೀವ ಹಿಡಿದುಕೊಂಡಿರುತ್ತದೆ. ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟ, ಉತ್ತರದಲ್ಲಿ ಹಿಮಾಲಯ. ಅಲ್ಲಿಂದ ಗಾಳಿಯ ಮೇಲೇರಿ ಬಯಲಿಗೆ ಇಳಿಯುತ್ತದೆ. ನವೆಂಬರಿನ ಸುಮಾರಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಗಾಳಿ ನೀಲಗಿರಿಯ ಕರಿ ತುಕ್ಕನ್ನು ಎತ್ತಿ ತಂದು ಮಳೆಯೊಡನೆ ಮಧ್ಯ ಭಾರತದವರೆಗೂ ಸುರಿಯಬಲ್ಲದೆಂದು ೧೯೭೦ರ ದಶಕದಲ್ಲಿ ತಿಳಿದುಬಂತು. ಹೀಗೆ ಬರುವ ವೈರಿಯನ್ನು ಬೇಲಿ ಕಟ್ಟಿ ತಡೆಯಲಾಗದು. ಗಿಡದಲ್ಲಿಯೇ ತಡೆಯುವ ಶಕ್ತಿ ಇರಬೇಕು.

ತಡೆಯುವ ಶಕ್ತಿ ಎಲ್ಲಿದೆ?

ತಂದೆಯ ಮೂಗು ಮಗನಿಗೆ, ಅಜ್ಜಿಯ ಕಣ್ಣು ಮೊಮ್ಮಗಳಿಗೆ ಬರುವುದನ್ನು ನಾವು ಕಂಡಿದ್ದೇವೆ. ಹಸು ಎಮ್ಮೆಗಳಲ್ಲಿಯೂ ಹಾಗೆಯೇ. ಹೀಗೆ ಗುಣಗಳನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿಸುವ ಸೂಕ್ಷ್ಮ ವಸ್ತುವಿಗೆ ವಂಶವಾಹಿ ಎಂದು ಹೆಸರು. ಗೋಧಿಯ ಪ್ರತಿ ಕಾಳಿನಲ್ಲಿಯೂ ಇಂಥ ವಂಶವಾಹಿಗಳು ಸಾವಿರಾರು ಇವೆ. ಗಿಡದ ಎತ್ತರ, ಕಾಳಿನ ಬಣ್ಣ, ತೆನೆಯ ಮುಳ್ಳು ಮೊದಲಾದವುಗಳನ್ನೆಲ್ಲ ಅವೇ ನಿರ್ಧರಿಸುತ್ತವೆ.

ರೋಗ ತಡೆಯುವ ಗುಣವೂ ಹೀಗೆಯೇ ವಂಶದಲ್ಲಿ ಇಳಿದು ಬರುತ್ತದೆಂದು ಮೊದಲು ತೋರಿಸಿದವರು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ರೋಲಂಡ್ ಬಿಫೆನ್. ಹಳದಿ ತುಕ್ಕು ಹಿಡಿಯುವ ಗೋಧಿಗೂ ಹಿಡಿಯದ ಗೋಧಿಗೂ ಅವರು ಸಂಕರ ಮಾಡಿದರು. ಮೊದಲ ತಲೆಮಾರಿನ ಗಿಡಗಳಿಗೆಲ್ಲ ರೋಗ ಬಂತು. ಆದರೂ ಅವರು ಕೈಬಿಡಲಿಲ್ಲ. ಆ ಗಿಡಗಳ ಕಾಳನ್ನೇ ಮತ್ತೆ ಬಿತ್ತಿದರು. ಎರಡನೆಯ ತಲೆಮಾರಿನಲ್ಲಿ ಸುಮಾರು ನಾಲ್ಕು ಗಿಡಗಳಿಗೆ ಒಂದು ಗಿಡ ರೋಗವಿಲ್ಲದೆ ನಿಂತಿತು! ಅಜ್ಜನ ಗುಣ ಮಗನಲ್ಲಿ ಅಡಗಿದ್ದು ಮೊಮ್ಮಗನಲ್ಲಿ ಕಾಣಿಸಿಕೊಂಡಂತೆ ಇದು. ೧೯೦೫ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ರೋಗ ನಿರೋಧಕ ತಳಿಗಳನ್ನು ಯೋಜನೆ ಹಾಕಿ ಬೆಳೆಸುವ ದಾರಿ ತೆರೆಯಿತು. ಮುಂದೆ ನೋಡಿದಾಗ, ತಡೆಯುವ ವಂಶವಾಹಿಗಳಲ್ಲಿ ಹೆಚ್ಚಿನವು ಮೊದಲ ತಲೆಮಾರಿನಲ್ಲಿಯೇ ಕೆಲಸ ಮಾಡುವಂಥವೆಂದು ತಿಳಿಯಿತು. ಈಗ ಕರಿ ತುಕ್ಕು ಒಂದಕ್ಕೇ ಇಂಥ ಸುಮಾರು ೬೦ ವಂಶವಾಹಿಗಳನ್ನು ಗುರುತಿಸಿ ಹೆಸರಿಟ್ಟಿದ್ದಾರೆ.

ಇನ್ನೊಂದು ವಿಷಯ ನೆನಪಿರಲಿ. ಗೋಧಿಯ ಹೂವಿಗೆ ಸಾಮಾನ್ಯವಾಗಿ ತನ್ನದೇ ಪರಾಗ ಬೀಳುತ್ತದೆ. ಆದುದರಿಂದ ಬೇರೆ ಬೀಜ ಬೆರೆಯದಂತೆ ಜೋಪಾನ ಮಾಡಿದರೆ ಮನೆಯಲ್ಲಿಟ್ಟ ಬೀಜದ ಗುಣ ವರ್ಷ ವರ್ಷಕ್ಕೆ ಕಳೆದುಹೋಗುವುದಿಲ್ಲ. ಆರು ವರ್ಷದ ಹಿಂದೆ ರೋಗ ತಡೆದ ವಂಶವಾಹಿ ಇಂದಿನ ನಿಮ್ಮ ಕಾಳಿನಲ್ಲಿಯೂ ಇದ್ದೇ ಇದೆ. ಆದರೂ ರೋಗ ಬಂತಲ್ಲ, ಏಕೆ?

ಕಾವಲುಗಾರ ಮತ್ತು ಕಳ್ಳ

ಒಂದು ಊರಿನ ಉಗ್ರಾಣಕ್ಕೆ ಒಬ್ಬ ಕಾವಲುಗಾರನನ್ನು ಇಟ್ಟರೆಂದು ತಿಳಿಯಿರಿ. ಕಳ್ಳನ ಗುರುತು ಅವನಿಗೆ ಒಂದೇ ಗೊತ್ತು: ಕೆಂಪು ರುಮಾಲು. ಕೆಂಪು ರುಮಾಲಿನವನು ಬಾಗಿಲಿಗೆ ಬಂದ ಕೂಡಲೇ ಕಾವಲುಗಾರ ಕೂಗು ಹಾಕುತ್ತಾನೆ, ಊರು ಎಚ್ಚರಗೊಳ್ಳುತ್ತದೆ. ಕಳ್ಳ ರುಮಾಲು ತೆಗೆದಿಟ್ಟು ಬಂದರೆ? ಕಾವಲುಗಾರ ಅಲ್ಲಿಯೇ ನಿಂತಿದ್ದಾನೆ, ನಿದ್ದೆಯನ್ನೂ ಮಾಡಿಲ್ಲ. ಆದರೆ ಅವನಿಗೆ ಕಳ್ಳನ ಗುರುತು ಸಿಕ್ಕುವುದಿಲ್ಲ.

ಗೋಧಿಯಲ್ಲಿ ನಡೆಯುವುದೂ ಇದೇ. ತುಕ್ಕಿನ ಶಿಲೀಂಧ್ರ ಎಲೆಯೊಳಗೆ ನುಗ್ಗಿದಾಗ ಗಿಡದ ಶಕ್ತಿಯನ್ನು ಕುಗ್ಗಿಸಲು ಕೆಲವು ವಸ್ತುಗಳನ್ನು ಒಳಗೆ ಬಿಡುತ್ತದೆ. ಅವೇ ಅದರ ರುಮಾಲು. ಗಿಡದ ನಿರೋಧಕ ವಂಶವಾಹಿ ಅಂಥ ಒಂದು ವಸ್ತುವಿನ ಗುರುತು ಹಿಡಿಯುತ್ತದೆ. ಹಿಡಿದ ಕೂಡಲೇ ರೋಗ ತಗಲಿದ ಜಾಗದ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಬಣವೆಗಳ ಸಾಲಿಗೆ ಬೆಂಕಿ ಬಿದ್ದಾಗ ನಡುವಿನ ಒಂದು ಬಣವೆಯನ್ನು ಎಳೆದುಹಾಕಿ ಉಳಿದವನ್ನು ಕಾಪಾಡುತ್ತೇವಲ್ಲವೇ, ಹಾಗೆ. ತುಕ್ಕಿನ ಶಿಲೀಂಧ್ರ ಜೀವವಿರುವ ಕೋಶದಲ್ಲಿ ಮಾತ್ರ ಬದುಕಬಲ್ಲದು. ಸುತ್ತಲಿನ ಕೋಶ ಸತ್ತರೆ ಅದು ಆಹಾರವಿಲ್ಲದೆ ಸಾಯುತ್ತದೆ. ಎಲೆಯ ಮೇಲೆ ಒಂದು ಸಣ್ಣ ಒಣ ಚುಕ್ಕೆ ಮಾತ್ರ ಉಳಿಯುತ್ತದೆ.

ಗಿಡದ ಒಂದು ವಂಶವಾಹಿಗೆ ಎದುರಾಗಿ ಶಿಲೀಂಧ್ರದಲ್ಲಿಯೂ ಒಂದು ವಂಶವಾಹಿ ಇರುತ್ತದೆಂಬ ಈ ನಿಯಮವನ್ನು ಅಮೆರಿಕದ ಎಚ್.ಎಚ್. ಫ್ಲೋರ್ ಎಂಬುವರು ೧೯೪೦ರ ದಶಕದಲ್ಲಿ ಅಗಸೆಯ ತುಕ್ಕು ರೋಗವನ್ನು ಪರೀಕ್ಷಿಸಿ ಕಂಡುಹಿಡಿದರು. ಗೋಧಿಗೂ ಇದೇ ನಿಯಮ ಸಲ್ಲುತ್ತದೆ.

ರೋಗ ಹಿಡಿದ ಒಂದು ಹೊಲದಲ್ಲಿ ಹಾರುವ ಕಣಗಳಿಗೆ ಲೆಕ್ಕವಿಲ್ಲ. ಅಷ್ಟು ಕಣಗಳಲ್ಲಿ ಎಲ್ಲೋ ಒಂದು ತಾನಾಗಿಯೇ ತುಸು ಬದಲಾಗಿ ಹುಟ್ಟುತ್ತದೆ. ಬೇರೆ ಬೇರೆ ತಳಿಗಳಿರುವ ಸೀಮೆಯಲ್ಲಿ ಅಂಥ ಕಣಕ್ಕೆ ವಿಶೇಷ ಲಾಭವಿಲ್ಲ. ಆದರೆ ಕಣ್ಣು ಹಾಯುವಷ್ಟು ದೂರ ಒಂದೇ ತಳಿ, ಒಂದೇ ಕಾವಲುಗಾರ ಇದ್ದರೆ? ಉಳಿದ ಕಣಗಳೆಲ್ಲ ಸಾಯುತ್ತವೆ. ರುಮಾಲು ತೆಗೆದಿಟ್ಟ ಆ ಒಂದು ಕಣಕ್ಕೆ ಇಡೀ ಸೀಮೆಯೇ ಊಟದ ಎಲೆಯಾಗುತ್ತದೆ. ಅದರ ಸಂತತಿ ಬೆಳೆಯುತ್ತದೆ. ವಿಜ್ಞಾನಿಗಳು ಇದನ್ನು ರೋಗದ ಹೊಸ ಪಂಗಡ ಎನ್ನುತ್ತಾರೆ. ನಾವು “ತಳಿ ಸೋತಿತು” ಎನ್ನುತ್ತೇವೆ.

ಹಿಂದೆ ಆದದ್ದು

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ ೧೯೨೬ರಲ್ಲಿ ಸೀರೀಸ್ ಎಂಬ ಗೋಧಿ ತಳಿಯನ್ನು ರೈತರಿಗೆ ಕೊಟ್ಟರು. ಕರಿ ತುಕ್ಕನ್ನು ಚೆನ್ನಾಗಿ ತಡೆಯುತ್ತಿದ್ದ ಕಾರಣ ಅದು ಬೇಗನೆ ಹಬ್ಬಿತು. ೧೯೨೮ರಲ್ಲಿ ೫೬ನೆಯ ಸಂಖ್ಯೆಯ ಹೊಸ ಪಂಗಡವೊಂದು ಕಾಣಿಸಿಕೊಂಡಿತು. ಏಳು ವರ್ಷ ಮೆಲ್ಲಗೆ ಹೆಚ್ಚಿ, ೧೯೩೫ರಲ್ಲಿ ಅನುಕೂಲ ಹವೆ ಸಿಕ್ಕಿದಾಗ ಸೀರೀಸ್ ಗೋಧಿಯನ್ನು ನೆಲಕ್ಕೆ ಹಾಕಿತು.

ಹತ್ತಿರದ ಕಾಲದ ಇನ್ನೊಂದು ಉದಾಹರಣೆ ನೋಡಿರಿ. ರೈ ಎಂಬ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್ ೩೧ ಎಂಬ ವಂಶವಾಹಿ ಕರಿ ತುಕ್ಕನ್ನು ಹಲವು ದೇಶಗಳಲ್ಲಿ ದಶಕಗಳ ಕಾಲ ತಡೆಯಿತು. ಅದನ್ನೇ ನಂಬಿ ಭಾರತವೂ ಸೇರಿ ಅನೇಕ ದೇಶಗಳು ತಳಿಗಳನ್ನು ಬೆಳೆಸಿದವು. ೧೯೯೮ರಲ್ಲಿ ಆಫ್ರಿಕದ ಉಗಾಂಡಾದಲ್ಲಿ ಈ ವಂಶವಾಹಿ ಇದ್ದ ಗೋಧಿಗೂ ಕರಿ ತುಕ್ಕು ಬಂತು. ಮರುವರ್ಷ ಖಚಿತವಾದ ಆ ಪಂಗಡಕ್ಕೆ ಯುಜಿ ೯೯ ಎಂದು ಹೆಸರಾಯಿತು. ಅದು ಕೀನ್ಯಾ, ಇಥಿಯೋಪಿಯಾ ದಾಟಿ ಯೆಮನ್‌ಗೆ, ೨೦೦೭ರಲ್ಲಿ ಇರಾನಿಗೆ ಮುಟ್ಟಿತು. ರೋಗ ನಮ್ಮ ಹೊಲಕ್ಕೆ ಬರುವವರೆಗೆ ಕಾಯುವುದು ಬೇಡವೆಂದು ಭಾರತದ ಗೋಧಿ ತಳಿಗಳನ್ನು ಕೀನ್ಯಾದ ಎನ್‌ಜೋರೋ ಎಂಬಲ್ಲಿ ಬಿತ್ತಿ, ಆ ರೋಗದ ಎದುರಿಗೇ ಪರೀಕ್ಷಿಸಿದರು.

ನಮ್ಮ ಜವೆ ಗೋಧಿಯ ಕೀರ್ತಿ

ಈ ಕಥೆಯಲ್ಲಿ ನಮ್ಮ ನಾಡಿನ ಒಂದು ಧಾನ್ಯದ ಪಾತ್ರವೂ ಉಂಟು. ಉತ್ತರ ಕರ್ನಾಟಕದಲ್ಲಿ ಜವೆ ಗೋಧಿ ಅಥವಾ ಸದಕವೆಂದು, ಮಹಾರಾಷ್ಟ್ರದಲ್ಲಿ ಖಪ್ಲಿಯೆಂದು ಕರೆಯುವ ಸಿಪ್ಪೆ ಬಿಡದ ಗೋಧಿಯನ್ನು ತಾವೆಲ್ಲ ಬಲ್ಲಿರಿ. ಕುಟ್ಟಿ ಹೊಟ್ಟು ಬಿಡಿಸುವ ಕೆಲಸ ಹೆಚ್ಚೆಂದು ಎಷ್ಟೋ ಮನೆಗಳಲ್ಲಿ ಇದನ್ನು ಕೈಬಿಟ್ಟರು. ಹುಗ್ಗಿ, ಮಾದಲಿಯ ರುಚಿಗಾಗಿ ಕೆಲವರು ಉಳಿಸಿಕೊಂಡರು.

ಈ ಖಪ್ಲಿ ಗೋಧಿ ಭಾರತದಿಂದ ಅಮೆರಿಕಕ್ಕೆ ಹೋಗಿತ್ತು. ಅಲ್ಲಿ ಮಿನ್ನೆಸೋಟದ ವಿಜ್ಞಾನಿ ಇ.ಸಿ. ಸ್ಟ್ಯಾಕ್‌ಮನ್ ಮತ್ತು ಅವರ ಜೊತೆಗಾರರು ಕರಿ ತುಕ್ಕಿನ ಪಂಗಡಗಳನ್ನು ಗುರುತಿಸಲು ೧೨ ಗೋಧಿಗಳನ್ನು ಆರಿಸಿಕೊಂಡರು. ತಂದ ತುಕ್ಕನ್ನು ಈ ೧೨ರ ಮೇಲೂ ಹಾಕಿ, ಯಾವುದಕ್ಕೆ ರೋಗ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದರಿಂದ ಪಂಗಡವನ್ನು ನಿರ್ಣಯಿಸುತ್ತಿದ್ದರು. ಆ ೧೨ರಲ್ಲಿ ಒಂದು ನಮ್ಮ ಖಪ್ಲಿ. ಹೆಚ್ಚಿನ ಪಂಗಡಗಳಿಗೆ ಅದು ಜಗ್ಗಲಿಲ್ಲ. ಅದರಿಂದ ಕರಿ ತುಕ್ಕು ತಡೆಯುವ ವಂಶವಾಹಿಗಳನ್ನು ಬೇರೆ ಗೋಧಿಗಳಿಗೂ ತಂದರು. ನಮ್ಮ ಹಿರಿಯರು ಹಗೇವಿನಲ್ಲಿ ಜೋಪಾನ ಮಾಡಿದ ಕಾಳು ಪರದೇಶದ ಹೊಲಕ್ಕೂ ಕಾವಲು ಒದಗಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಇದೇ ಜಾತಿಯಿಂದ ಡಿ.ಡಿ.ಕೆ. ೧೦೦೯, ೧೦೨೫, ೧೦೨೯ ಮೊದಲಾದ ಗಿಡ್ಡ ತಳಿಗಳನ್ನು ಹೊರತಂದಿದೆ.

ಕಾವಲುಗಾರನಲ್ಲದೆ ಬೇಲಿಯೂ ಬೇಕು

ನಿರೋಧಕ ಶಕ್ತಿಯಲ್ಲಿ ಎರಡು ಬಗೆ ಇದೆ. ಒಂದು ಮೇಲೆ ಹೇಳಿದ ಕಾವಲುಗಾರನ ಬಗೆ. ಇದರಿಂದ ಹೊಲ ಅಚ್ಚುಕಟ್ಟಾಗಿ, ಒಂದು ಚುಕ್ಕೆಯೂ ಇಲ್ಲದೆ ಕಾಣುತ್ತದೆ. ಆದರೆ ಒಂದೇ ವಂಶವಾಹಿಯಿದ್ದರೆ ಅದು ಸೋಲುವ ದಿನ ಪೂರ್ತಿ ಸೋಲುತ್ತದೆ.

ಇನ್ನೊಂದು ಮುಳ್ಳಿನ ಬೇಲಿಯ ಬಗೆ. ಬೇಲಿಗೆ ಯಾರ ಗುರುತೂ ಬೇಡ; ಬಂದವರನ್ನೆಲ್ಲ ನಿಧಾನ ಮಾಡುತ್ತದೆ. ಈ ಬಗೆಯ ತಳಿಯಲ್ಲಿ ರೋಗ ಬರುತ್ತದೆ. ಆದರೆ ಗುಳ್ಳೆಗಳು ಕಡಮೆ, ಸಣ್ಣವು, ಏಳುವುದೂ ತಡ. ರೋಗ ಹೆಚ್ಚುವಷ್ಟರಲ್ಲಿ ಕಾಳು ಬಲಿತಿರುತ್ತದೆ. ಎಸ್‌ಆರ್ ೨ ಎಂಬ ವಂಶವಾಹಿ ಇಂಥದು. ಅಮೆರಿಕದ ಮ್ಯಾಕ್‌ಫ್ಯಾಡನ್ ಎಂಬುವರು ಜವೆ ಗೋಧಿಯ ಜಾತಿಯದೇ ಆದ ಯಾರೊಸ್ಲಾವ್ ಎಂಬ ಗೋಧಿಗೂ ರೊಟ್ಟಿಯ ಗೋಧಿಗೂ ಸಂಕರ ಮಾಡಿ ಪಡೆದ ಹೋಪ್ ತಳಿಯಿಂದ ಇದು ಜಗತ್ತಿಗೆ ಹರಡಿತು. ಎಲ್‌ಆರ್ ೩೪ ಎಂಬ ಇನ್ನೊಂದು ವಂಶವಾಹಿ ಕಂದು ತುಕ್ಕು, ಹಳದಿ ತುಕ್ಕು ಎರಡನ್ನೂ ನಿಧಾನಗೊಳಿಸುತ್ತದೆ. ಅದು ಒಂದು ಶತಮಾನದಷ್ಟು ಕಾಲದಿಂದ ಗೋಧಿ ತಳಿಗಳಲ್ಲಿದ್ದರೂ ಶಿಲೀಂಧ್ರ ಅದನ್ನು ಮೀರಿಲ್ಲ. ಅದು ಕೆಲಸ ಮಾಡುವ ರೀತಿ ಬೇರೆಯೆಂಬುದು ೨೦೦೯ರಲ್ಲಿ ಆ ವಂಶವಾಹಿಯನ್ನೇ ಬಿಡಿಸಿ ನೋಡಿದಾಗ ತಿಳಿಯಿತು.

ಆದುದರಿಂದ ಈಗಿನ ತಳಿ ಸಂವರ್ಧಕರು ಒಂದೇ ತಳಿಯಲ್ಲಿ ಇಬ್ಬರು ಮೂವರು ಕಾವಲುಗಾರರನ್ನೂ ಒಂದೆರಡು ಸುತ್ತು ಬೇಲಿಯನ್ನೂ ಕೂಡಿಸಲು ಯತ್ನಿಸುತ್ತಾರೆ. ಕಳ್ಳ ಒಂದು ಗುರುತು ಬದಲಿಸಿದರೆ ಇನ್ನೊಬ್ಬ ಹಿಡಿಯುತ್ತಾನೆ. ಎಲ್ಲ ಗುರುತುಗಳನ್ನೂ ಒಟ್ಟಿಗೆ ಬದಲಿಸುವುದು ಬಹಳ ಕಷ್ಟ. ಹೀಗಾಗಿ, ಹೊಲದಲ್ಲಿ ನಾಲ್ಕು ಚುಕ್ಕೆ ಕಂಡ ಮಾತ್ರಕ್ಕೆ ತಳಿ ಕೆಟ್ಟದ್ದೆಂದು ತೀರ್ಮಾನಿಸಬಾರದು. ತೆನೆ ತುಂಬಿತೇ ಎಂಬುದನ್ನು ನೋಡಿ ತೂಗಬೇಕು.

ಗೋಧಿ ಬೆಳೆಯದವರಿಗೂ ಈ ಪಾಠ ಬೇಕು. ಭತ್ತ, ರಾಗಿಗಳಿಗೆ ಬರುವ ಬೆಂಕಿ ರೋಗವೂ ಶಿಲೀಂಧ್ರದಿಂದಲೇ ಬರುವುದು. ಅದರಲ್ಲಿಯೂ ಪಂಗಡಗಳುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ.ಯು. ೨೮ ರಾಗಿ ತಳಿ ರೈತರ ಮೆಚ್ಚುಗೆ ಗಳಿಸಿದ್ದು ಬೆಂಕಿ ರೋಗವನ್ನು ತಡೆಯುವ ಗುಣದಿಂದ. ಅಂಥ ಒಳ್ಳೆಯ ಗುಣವನ್ನು ಬಹುಕಾಲ ಉಳಿಸಿಕೊಳ್ಳುವುದು ವಿಜ್ಞಾನಿಗಳ ಕೆಲಸವಷ್ಟೇ ಅಲ್ಲ, ನಮ್ಮದೂ ಹೌದು.

ನಾವು ಮಾಡಬೇಕಾದುದು

೧. ಊರಿಗೆಲ್ಲ ಒಂದೇ ತಳಿ ಬೇಡ. ಎರಡು ಮೂರು ತಳಿಗಳನ್ನು ಹಂಚಿಕೊಂಡು ಬಿತ್ತಿರಿ. ಹೆಸರು ಬೇರೆಯಿದ್ದರೂ ಒಳಗಿನ ಕಾವಲುಗಾರ ಒಬ್ಬನೇ ಇರಬಹುದು. ಆದುದರಿಂದ ರೋಗ ತಡೆಯುವ ಗುಣ ಯಾವ ಯಾವ ತಳಿಯಲ್ಲಿ ಬೇರೆ ಬೇರೆ ಇದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

೨. ಸೋತ ತಳಿಗೆ ಜೋತು ಬೀಳಬೇಡಿ. ಒಮ್ಮೆ ಹೊಸ ಪಂಗಡ ಬಂದ ಮೇಲೆ ಅದೇ ತಳಿಯ ಹೊಸ ಬೀಜ ತಂದರೂ ರೋಗ ತಪ್ಪದು. ತಳಿಯನ್ನೇ ಬದಲಿಸಬೇಕು.

೩. ಸಕಾಲದಲ್ಲಿ ಬಿತ್ತಿರಿ. ತಡವಾಗಿ ಬಿತ್ತಿದ ಪೈರು ಎಳೆಯದಾಗಿರುವಾಗಲೇ ರೋಗಕ್ಕೆ ಸಿಕ್ಕುತ್ತದೆ. ಯೂರಿಯಾವನ್ನು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಾಕಬೇಡಿ. ಅತಿಯಾಗಿ ಸೊಕ್ಕಿದ ಪೈರು ತುಕ್ಕಿಗೆ ಒಳ್ಳೆಯ ಮನೆ.

೪. ಬಿತ್ತಿದ ಒಂದು ತಿಂಗಳಿನಿಂದ ವಾರಕ್ಕೊಮ್ಮೆ ಹೊಲದೊಳಗೆ ನಡೆದು ನೋಡಿರಿ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು. ಚುಕ್ಕೆ ಕಂಡರೆ ಬೆರಳಿನಿಂದ ತಿಕ್ಕಿರಿ. ಪುಡಿ ಹತ್ತಿದರೆ ತುಕ್ಕು.

೫. ರೋಗ ತಡೆಯುವ ತಳಿಗೆ ತುಕ್ಕು ಬಂದದ್ದು ಕಂಡರೆ ಸುಮ್ಮನಿರಬೇಡಿ. ಅಂಥ ಕೆಲವು ಎಲೆಗಳನ್ನು ಕಾಗದದ ಲಕೋಟೆಯಲ್ಲಿಟ್ಟು, ತಳಿಯ ಹೆಸರು, ಊರು, ದಿನಾಂಕ ಬರೆದು ಕೃಷಿ ಅಧಿಕಾರಿಗಳಿಗೆ ತಲುಪಿಸಿರಿ. ಪ್ಲಾಸ್ಟಿಕ್ ಚೀಲ ಬೇಡ, ಎಲೆ ಕೊಳೆಯುತ್ತದೆ. ಇಂಥ ಮಾದರಿಗಳಿಂದಲೇ ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ದೇಶದ ತುಕ್ಕಿನ ಪಂಗಡಗಳನ್ನು ಗುರುತಿಸುತ್ತಾರೆ. ನಿಮ್ಮ ಒಂದು ಎಲೆಯಿಂದ ನೂರು ಊರುಗಳಿಗೆ ಮುನ್ಸೂಚನೆ ಸಿಗಬಹುದು.

೬. ರೋಗ ಕಂಡ ಆರಂಭದಲ್ಲಿಯೇ ಪ್ರೊಪಿಕೊನಜೋಲ್ ಔಷಧಿಯನ್ನು ಲೀಟರ್ ನೀರಿಗೆ ೧ ಮಿಲಿಲೀಟರಿನಂತೆ ಬೆರೆಸಿ ಸಿಂಪಡಿಸುವುದುಂಟು. ಸ್ಥಳೀಯ ಅಧಿಕಾರಿಗಳ ಸಲಹೆ ಪಡೆದು, ಡಬ್ಬಿಯ ಮೇಲಿನ ಸೂಚನೆ ಓದಿ, ಮೂಗು ಬಾಯಿ ಮುಚ್ಚಿಕೊಂಡು ಸಿಂಪಡಿಸಿರಿ. ಎಲ್ಲ ಎಲೆಗಳೂ ಕೆಂಪಾದ ಮೇಲೆ ಹಣ ಖರ್ಚು ಮಾಡಿ ಫಲವಿಲ್ಲ.

೭. ಮನೆಯಲ್ಲಿ ಹಳೆಯ ತಳಿಯ ಬೀಜವಿದ್ದರೆ ಅದನ್ನು ಕಳೆಯಬೇಡಿ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಿ ಬೀಜ ಉಳಿಸಿರಿ. ರೈತರು ತಾವು ಕಾಪಾಡಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲು ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಅವಕಾಶವಿದೆ.

ಬಾಂಧವರೇ, ಒಂದು ಹೊಸ ತಳಿ ಹೊಲಕ್ಕೆ ಬರಲು ಸುಮಾರು ಹತ್ತು ಹನ್ನೆರಡು ವರ್ಷಗಳ ದುಡಿಮೆ ಬೇಕು. ತುಕ್ಕಿಗೆ ತನ್ನ ಗುರುತು ಬದಲಿಸಲು ಅಷ್ಟು ಕಾಲ ಬೇಕಿಲ್ಲ. ಈ ಓಟದಲ್ಲಿ ನಾವು ಮುಂದಿರಬೇಕಾದರೆ ಎರಡು ಸಂಗತಿ ಮರೆಯಬಾರದು: ಊರಿನ ಹೊಲಗಳಲ್ಲಿ ತಳಿಗಳು ಬೇರೆ ಬೇರೆಯಾಗಿರಬೇಕು; ನಮ್ಮ ಕಣ್ಣು ಪೈರಿನ ಮೇಲಿರಬೇಕು. ಹಿಂಗಾರಿ ಬಿತ್ತನೆಗೆ ಮೊದಲು ನೆರೆಹೊರೆಯವರೆಲ್ಲ ಒಂದು ಸಂಜೆ ಕಟ್ಟೆಯ ಮೇಲೆ ಕೂಡಿರಿ. ಈ ಸಲ ಯಾರು ಯಾವ ತಳಿ ಬಿತ್ತುವುದೆಂದು ಮಾತಾಡಿಕೊಳ್ಳಿರಿ. ಆ ಒಂದು ಸಂಜೆಯ ಮಾತು ಊರಿನ ಬೆಳೆಯನ್ನು ಉಳಿಸೀತು.